ಮೂರು ಗಂಟೆ ಐದು ನಿಮಿಷ

ಸಿದ್ದಾಪುರದಲ್ಲಿ ನನ್ನ ಅಂಗಡಿಯ ಶಟರು
ಅರ್ಧಕ್ಕೇ ನಿಲ್ಲುತ್ತದೆ, ಎಣ್ಣೆ ಬಿಟ್ಟರೂ ಅಷ್ಟೆ.
ಒಳಗೆ ಕಸ ಗುಡಿಸುತ್ತಿದ್ದೆ. ಅದರಡಿ ಮೊದಲು ಕಂಡದ್ದು
ಕೆಮ್ಮಣ್ಣು ಮೆತ್ತಿದ ಒಂದು ಜೊತೆ ಗಂಬೂಟು.

ಜೆರಾಕ್ಸು, ಲ್ಯಾಮಿನೇಶನ್ನು, ರೀಚಾರ್ಜು,
ಬಸ್ಸು ರೈಲು ವಿಮಾನದ ಟಿಕೆಟ್ಟು.
ಬೋರ್ಡಿಗೆ ಎಲ್ಲ ಬರೆಸಿದ್ದೇನೆ,
ಹಳಿಯೂ ಇಲ್ಲದ ರನ್‌ವೇಯೂ ಇಲ್ಲದ ಜಿಲ್ಲೆಯಲ್ಲಿ ಕೂತು.

ನುರ್ಜಮಾಲ್. ಕರಡಿಗೋಡು ಕಡೆಯ ತೋಟದಲ್ಲಿ
ಮೂರು ವರ್ಷದಿಂದ ಸ್ಪ್ರಿಂಕ್ಲರ್ ಪೈಪು ಹೊರುವವನು.
"ದೀದಿ, ಬೆಂಗಳೂರಿಂದ ಗುವಾಹಟಿ, ಪ್ಲೇನಲ್ಲಿ ಎಷ್ಟು ದೂರ?"
ಎಲ್ಲರೂ ಕೇಳುವುದು ಎಷ್ಟು ದುಡ್ಡು ಅಂತ.

ಟೈಪ್ ಮಾಡಿದೆ. ಆಕಾಶದಲ್ಲಿ
ಎರಡು ಸಾವಿರದ ಚಿಲ್ಲರೆ ಕಿಲೋಮೀಟರು,
ಮೂರು ಗಂಟೆ ಐದು ನಿಮಿಷ.
"ಬರೀ ಮೂರಾ?" ಅಂದ.
ಮೈಸೂರಿನ ಬಸ್ಸಿಗೂ ಅಷ್ಟೇ ಬೇಕು,
ಹುಣಸೂರಿನಲ್ಲಿ ಡ್ರೈವರು ಟೀಗೆ ಇಳಿದರೆ.

ಬೆಳಗಿನ ಜಾವ ನಾಲ್ಕಕ್ಕೆ ಬುಬು ಹೋಗಿದ್ದಳು.
ಬುಬು ಅಂದರೆ ಅಕ್ಕ. ತಾಯಿ ಸತ್ತ ಮೇಲೆ
ಇವನಿಗೆ ಮೀನಿನ ಮುಳ್ಳು ತೆಗೆದು ಉಣಿಸಿದವಳು.

ಪರದೆ ಹೇಳದ್ದನ್ನು
ರಸೀದಿಯ ಬೆನ್ನಿಗೆ ಬರೆಯುತ್ತ ಹೋದೆ:
ಇಲ್ಲಿಂದ ಬೆಂಗಳೂರು ಆರೂವರೆ ಗಂಟೆ.
ಊರು ದಾಟಿ ಏರ್‌ಪೋರ್ಟು, ಒಂದೂವರೆ, ದೇವರ ದಯೆಯಿದ್ದರೆ.
ಎರಡು ಗಂಟೆ ಮುಂಚೆ ಹೋಗಿ ಬೆಲ್ಟು ಬಿಚ್ಚಿ ನಿಲ್ಲಬೇಕು.
ಆಮೇಲೆ ಆ ಮೂರು ಗಂಟೆ ಐದು ನಿಮಿಷ.
ಬರ್ಪೇಟಾ ಕಡೆಗೆ ಬಸ್ಸು. ಆಮೇಲೆ ದೋಣಿ,
ಕತ್ತಲಾದರೆ ಅದೂ ಇಲ್ಲ.
ಆಮೇಲೆ ಮರಳಲ್ಲಿ ನಡಿಗೆ.
"ಅದೆಷ್ಟು ಹೊತ್ತು?"
"ಹೋದ ವರ್ಷ ಅರ್ಧ ಗಂಟೆ.
ನದಿ ಈಗ ಎಲ್ಲಿದೆಯೋ."

ಮಧ್ಯಾಹ್ನದ ನಮಾಜಿಗೆ ಮಣ್ಣು ಕೊಡುತ್ತಾರಂತೆ.
ದೇಶಕ್ಕೆಲ್ಲ ಒಂದೇ ಗಡಿಯಾರ, ಸರಿ,
ಅಲ್ಲಿ ಸೂರ್ಯ ಏಳುವುದು
ನಮಗಿಂತ ಒಂದು ಗಂಟೆ ಮೊದಲು.

ಟಿಕೆಟ್ಟಿನ ಮಾತು ಅಲ್ಲಿಗೇ ಬಿಟ್ಟ.
ಭಾವನಿಗೆ ನಾಲ್ಕು ಸಾವಿರ ಕಳಿಸಿಕೊಡಿ ಅಂದ, ಕಫನ್‌ಗೆ.
ಕಳಿಸಿದೆ. ಟಿಂಗ್ ಅಂದಿತು. ನಾಲ್ಕು ಸೆಕೆಂಡು.

ಆಮೇಲೆ, ತುಂಬ ನಾಚಿಕೆಯಿಂದ,
"ಹತ್ತೂ ಇಪ್ಪತ್ತಕ್ಕೆ ಒಂದು ಪ್ಲೇನಿದೆ ಅಂದಿರಲ್ಲ,
ಅದನ್ನು ತೋರಿಸ್ತೀರಾ?"

ಪ್ಲಾಸ್ಟಿಕ್ ಸ್ಟೂಲಿನಲ್ಲಿ ಕೂತ.
ನಕ್ಷೆಯ ಮೇಲೆ ಹಳದಿ ವಿಮಾನ,
ಅಕ್ಕಿಯಲ್ಲಿ ಸಿಗುವ ಹುಳದಷ್ಟು ದೊಡ್ಡದು,
ಇದ್ದಲ್ಲೇ ಇದೆ ಅನ್ನಿಸುವ ಹಾಗೆ ಹೊರಟಿತು.

ಆಧಾರ್ ಕಾರ್ಡು ಎರಡೂ ಬದಿ, ಮೂರು ಕಾಪಿ.
ಪಹಣಿ. ಯಾರದೋ ಮಗುವಿನ ಪಾಸ್‌ಪೋರ್ಟು ಸೈಜು ಫೋಟೋ.
ತೋಟದ ರೈಟರ್ ಅಪ್ಪಚ್ಚು ಫೋನು ಮಾಡಿ ಬಯ್ದರು,
ಹೂಮಳೆ ಕೈಕೊಟ್ಟಿದೆ, ಪೈಪು ಯಾರು ಎತ್ತಬೇಕು ಅಂತ.
ಗಾಳಿ ತಿರುಗಿದಾಗೆಲ್ಲ ಕಾಫಿ ಹೂವಿನ ವಾಸನೆ
ಟೋನರಿನ ವಾಸನೆಯನ್ನು ನೂಕಿ ಒಳಗೆ ಬರುತ್ತಿತ್ತು.
ಮೀನಿನಂಗಡಿಯ ಕುಂಞಾಲಿ ಇಣುಕಿ ಕೇಳಿದ,
"ಯಾರು ಬ್ಯಾಟಿಂಗು?"
ನಾವಿಬ್ಬರೂ ಸುಮ್ಮನಿದ್ದೆವು.

ಹಳದಿ ಚುಕ್ಕೆ ಸಮುದ್ರದ ನೀಲಿಗೆ ಬಂದಾಗ
ನುರ್ಜಮಾಲ್ ಎರಡೂ ಕಾಲು ಎತ್ತಿ
ಸ್ಟೂಲಿನ ಅಡ್ಡಪಟ್ಟಿಗೆ ಇಟ್ಟುಕೊಂಡ.

ಒಂದಕ್ಕೆ ಐದು ನಿಮಿಷವಿತ್ತು, ಕರೆಂಟು ಹೋಯಿತು.
ಬ್ಯಾಟರಿ ನಾಲ್ಕು ಸಲ ಕೂಗಿ ಸುಮ್ಮನಾಯಿತು.
ಕಪ್ಪು ಗಾಜಿನಲ್ಲಿ ನಾವಿಬ್ಬರು, ಹಿಂದೆ ರಸ್ತೆ.
ಕತ್ತಲಲ್ಲೇ ಅವನ ಫೋನು ಬಂತು.
ಅವರ ಮಾತು ನನಗೆ ತಿಳಿಯದು.
ಅವನು "ಹೂಂ" ಅಂದದ್ದು ಮಾತ್ರ ನಮ್ಮಂತೆಯೇ ಇತ್ತು.

ಕರೆಂಟು ಬಂದಾಗ ವಿಮಾನ ಇಳಿದಾಗಿತ್ತು,
ಹನ್ನೊಂದು ನಿಮಿಷ ಮುಂಚೆ.
"ಬೇಗ ಹೋಯ್ತು," ಅಂದ, ಮೆಚ್ಚಿಕೊಂಡವನಂತೆ.

ಕೂತದ್ದಕ್ಕೆ ಎಷ್ಟು ಅಂತ ಕೇಳಿದ.
ಬೋರ್ಡಿನಲ್ಲಿ ಅದರ ರೇಟು ಇಲ್ಲ.
ಲೆಕ್ಕದ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು
ಗಂಬೂಟು ಎಳೆಯುತ್ತ ಹೋದ, ತೋಟದ ಕಡೆ.
ಅದರಲ್ಲಿ ಗೆರೆ ಎಳೆದಿದ್ದೆ,
ಮೊತ್ತ ಹಾಕಿರಲಿಲ್ಲ.